ಕಸವೆನ್ನುವ ಮೊದಲು ತೂಗಿ ನೋಡಿ



ಸುಗ್ಗಿ ಮುಗಿಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ಹೊಗೆ ಕಾಣುತ್ತದೆ. ಒಂದು ಅಡಿಗೆಮನೆಯದು, ಅದು ವರ್ಷವಿಡೀ ಇರುವಂಥದು. ಇನ್ನೊಂದು ಹೊಲದ್ದು. ಮಂಡ್ಯದ ಕಡೆ ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿ. ಬೆಳಗಾವಿ, ಬಾಗಲಕೋಟೆಯ ಕಡೆ ಅದೇ ತರಗನ್ನು ರವದಿ ಎನ್ನುತ್ತಾರೆ. ಹೆಸರು ಬೇರೆ, ಬೆಂಕಿ ಒಂದೇ. ಗಂಗಾವತಿ, ಸಿಂಧನೂರಿನ ನೀರಾವರಿ ಬಯಲಿನಲ್ಲಿ ಕೊಯ್ಲು ಯಂತ್ರ ಉಗುಳಿ ಹೋದ ಭತ್ತದ ಹುಲ್ಲಿಗೆ ಬೆಂಕಿ. ರಾಯಚೂರಿನಲ್ಲಿ ಹತ್ತಿ ಕಟ್ಟಿಗೆ, ಕಲಬುರಗಿಯಲ್ಲಿ ತೊಗರಿ ಕಟ್ಟಿಗೆ ಬದುವಿನ ಮೇಲೆ ರಾಶಿ ಬಿದ್ದು, ಒಲೆಗೆ ಹೋದಷ್ಟು ಹೋಗಿ ಉಳಿದದ್ದು ಅಲ್ಲಿಯೇ ಸುಟ್ಟು ಬೂದಿಯಾಗುತ್ತದೆ.

ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಮೂರನೆಯದೊಂದು ಬಂದಿದೆ. ಹೊಲದ ಅಂಚಿಗೆ ಲಾರಿ ಬಂದು ನಿಲ್ಲುತ್ತದೆ. "ನಿಮ್ಮ ಕಸ ನಮಗೆ ಕೊಡಿ, ಟನ್ನಿಗೆ ಇಷ್ಟು ಕೊಡುತ್ತೇವೆ" ಎಂದು ದಲ್ಲಾಳಿ ಕೇಳುತ್ತಾನೆ. ಈ ಬೇಡಿಕೆ ಸುಮ್ಮನೆ ಹುಟ್ಟಿದ್ದಲ್ಲ. ಉಷ್ಣವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆಗೆ ಬೆಳೆಯ ಉಳಿಕೆಯಿಂದ ಮಾಡಿದ ಉಂಡೆಗಳನ್ನೂ ಸುಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರದ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿತು. ಅದಕ್ಕೂ ಮುಂಚೆ, 2018ರಲ್ಲಿ, ಸಗಣಿ, ಹುಲ್ಲು, ಸಕ್ಕರೆ ಕಾರ್ಖಾನೆಯ ಮಡ್ಡಿ ಮುಂತಾದವುಗಳಿಂದ ವಾಹನಕ್ಕೆ ಬೇಕಾದ ಅನಿಲ ತಯಾರಿಸುವ ಸತತ್ ಯೋಜನೆ ಬಂದಿತ್ತು. 2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯಲು ಕಟ್ಟಿದ ಕಾರ್ಖಾನೆ ಉದ್ಘಾಟನೆಯಾಯಿತು. ಒಟ್ಟಿನಲ್ಲಿ, ನಾವು ಕಸವೆಂದದ್ದನ್ನು ಬೇರೆಯವರು ಇಂಧನವೆಂದು ಗುರುತಿಸಿದ್ದಾರೆ.

ಹಾಗಾದರೆ ಕೊಡಬೇಕೇ, ಬೇಡವೇ? ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. "ಸುಟ್ಟರೆ ಅಪರಾಧ ಅಂತೀರಿ, ಮಾರಿದರೆ ಮಣ್ಣು ಬಡವಾಗುತ್ತೆ ಅಂತೀರಿ, ಇಟ್ಟುಕೊಂಡರೆ ಮುಂದಿನ ಬೆಳೆಗೆ ಅಡ್ಡ. ನಾವೇನು ಮಾಡಬೇಕು ಸ್ವಾಮಿ?" ಎಂದು ಒಬ್ಬ ಹಿರಿಯರು ಕಳೆದ ಬೇಸಿಗೆಯಲ್ಲಿ ಕೇಳಿದರು. ಅವರಿಗೆ ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ಅರ್ಧ ಮಾತ್ರ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಪಾಲು

ಹೊಲದಲ್ಲಿ ಕಾಳು ತೆಗೆದ ಮೇಲೆ ಉಳಿಯುವುದಕ್ಕೆ ನಾಲ್ವರು ಪಾಲುದಾರರಿದ್ದಾರೆ. ಮೊದಲನೆಯದು ದನದ ಪಾಲು. ಎರಡನೆಯದು ಮಣ್ಣಿನ ಪಾಲು. ಮೂರನೆಯದು ಮನೆಯ ಒಲೆಯ ಪಾಲು. ಇವು ಮೂರೂ ಸಂದ ಮೇಲೆ ಮಿಕ್ಕದ್ದು ಪೇಟೆಯ ಪಾಲು. ಈ ಸರದಿಯನ್ನು ತಪ್ಪಿಸಿದವನು ಒಂದು ವರ್ಷ ದುಡ್ಡು ಕಾಣಬಹುದು. ಮೂರನೆಯ ವರ್ಷ ಮೇವಿಗೂ ಗೊಬ್ಬರಕ್ಕೂ ಅದೇ ದುಡ್ಡನ್ನು ಬಡ್ಡಿ ಸೇರಿಸಿ ಹಿಂದಕ್ಕೆ ಕೊಡಬೇಕಾಗುತ್ತದೆ.

ಮೇವಿನ ಮಾತನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಬರಗಾಲದಲ್ಲಿ ಒಂದು ಬಣವೆ ಹುಲ್ಲಿನ ಬೆಲೆ ಏನೆಂಬುದು ಬಯಲುಸೀಮೆಯ ಪ್ರತಿ ಮನೆಗೂ ಗೊತ್ತು. ರಾಗಿ ಹುಲ್ಲು, ಜೋಳದ ದಂಟು, ಶೇಂಗಾ ಹೊಟ್ಟು, ಹುರುಳಿ ಹೊಟ್ಟು ಇವು ಇಂಧನದ ಲೆಕ್ಕಕ್ಕೆ ಬರಲೇಬಾರದು.

ಮಣ್ಣಿನ ಪಾಲನ್ನು ಮಾತ್ರ ಅಂಕಿ ಇಟ್ಟು ನೋಡಬೇಕು, ಏಕೆಂದರೆ ಅದು ಕಣ್ಣಿಗೆ ಕಾಣದು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಹತ್ತಿರ ಹತ್ತಿರ 20 ಕಿಲೋ ಪೊಟ್ಯಾಷ್ ಇರುತ್ತದೆ. ಅಂಗಡಿಯ 50 ಕಿಲೋ ಎಂ.ಒ.ಪಿ. ಚೀಲದಲ್ಲಿರುವುದು 30 ಕಿಲೋ. ಎಂದರೆ, ಒಂದು ಟನ್ ಹುಲ್ಲು ಗದ್ದೆ ಬಿಟ್ಟು ಹೊರಟಾಗ ಅದರ ಜೊತೆಗೆ ಮೂರರಲ್ಲಿ ಎರಡು ಪಾಲು ಪೊಟ್ಯಾಷ್ ಚೀಲವೂ ಲಾರಿ ಹತ್ತಿತು. ಕಬ್ಬಿನ ತರಗಿನಲ್ಲಿ ಟನ್ನಿಗೆ ಸುಮಾರು 4 ಕಿಲೋ ಸಾರಜನಕ. ಎಕರೆಗೆ ಮೂರು ನಾಲ್ಕು ಟನ್ ತರಗು ಬಿದ್ದರೆ ಅರ್ಧದಿಂದ ಮುಕ್ಕಾಲು ಚೀಲ ಯೂರಿಯಾದಷ್ಟು ಸಾರಜನಕ ನೆಲದ ಮೇಲೆ ಹಾಸಿದಂತೆ. ಬೆಂಕಿ ಇಟ್ಟರೆ ಈ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿಯುವುದು ಬೂದಿಯಲ್ಲಿನ ಪೊಟ್ಯಾಷ್ ಮತ್ತು ಸುಣ್ಣ ಮಾತ್ರ. ಅದನ್ನೂ ಗಾಳಿ ಅರ್ಧ ಹಾರಿಸಿಕೊಂಡು ಹೋಗುತ್ತದೆ.

ದಲ್ಲಾಳಿ ಟನ್ನಿಗೆ ಹೇಳುವ ದರದಲ್ಲಿ ಮೊದಲು ಈ ಗೊಬ್ಬರದ ಬೆಲೆಯನ್ನು ಕಳೆಯಿರಿ. ಕೂಲಿಯನ್ನು ಕಳೆಯಿರಿ. ಮಿಕ್ಕದ್ದು ನಿಮ್ಮ ಲಾಭ. ಎಷ್ಟೋ ವೇಳೆ ಮಿಕ್ಕುವುದು ಏನೂ ಇರುವುದಿಲ್ಲ.

ಹಸಿಯದು ಗುಂಡಿಗೆ, ಒಣಗಿದ್ದು ಉರಿಗೆ

ಬೆಳೆಯ ಉಳಿಕೆಯಿಂದ ಶಕ್ತಿ ತೆಗೆಯುವ ದಾರಿಗಳು ಎರಡು. ಒಂದು ಕೊಳೆಸುವುದು, ಇನ್ನೊಂದು ಸುಡುವುದು. ಇವುಗಳ ಭೇದವನ್ನು ರೈತರು ಚೆನ್ನಾಗಿ ತಿಳಿದಿರಬೇಕು.

ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಮತ್ತು ನೀರನ್ನು ಸಮವಾಗಿ ಕಲಸಿ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಎಂಬ ಉರಿಯುವ ಅನಿಲವನ್ನು ಬಿಡುತ್ತವೆ. ನಮ್ಮ ಹವೆಗೆ ಸುಮಾರು 40 ದಿನ ಬೇಕು. ಮುಖ್ಯವಾದ ಸಂಗತಿಯೆಂದರೆ, ಅನಿಲದಲ್ಲಿ ಹೋಗುವುದು ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಇವು ಮೂರೂ ಬಗ್ಗಡದಲ್ಲಿಯೇ ಉಳಿದು ಹೊಲಕ್ಕೆ ಮರಳುತ್ತವೆ. ಒಂದೇ ಸಗಣಿ ಬೆಳಗ್ಗೆ ಒಲೆ ಉರಿಸಿ, ಸಂಜೆ ಗೊಬ್ಬರವಾಗುತ್ತದೆ. ಬೆರಣಿ ತಟ್ಟಿ ಸುಟ್ಟರೆ ಒಲೆ ಮಾತ್ರ ಉರಿಯುತ್ತದೆ; ಸಾರಜನಕ ಹೊಗೆಗೂಡು ಸೇರುತ್ತದೆ.

ಆದರೆ ಈ ಸೂಕ್ಷ್ಮಜೀವಿಗಳಿಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ತೆಂಗಿನ ಕರಟ ಮುಂತಾದ ಗಟ್ಟಿ ನಾರಿನ ಪದಾರ್ಥಗಳು ಜೀರ್ಣವಾಗವು. ಇವಕ್ಕೆ ಬೆಂಕಿಯ ದಾರಿಯೇ ಸರಿ. ಚೆನ್ನಾಗಿ ಒಣಗಿದ ಕಟ್ಟಿಗೆಯ ಕಾವು ಕಿಲೋಗೆ 3500ರಿಂದ 4000 ಕಿಲೋ ಕ್ಯಾಲೊರಿ. ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿಗೆ ಇದು ತೀರ ಕಡಿಮೆಯೇನಲ್ಲ. ಹಸಿ ಇದ್ದರೆ ಮಾತ್ರ ಕಾವಿನ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲಿಯೇ ಹೋಗುತ್ತದೆ.

ಆದ್ದರಿಂದ ನೆನಪಿಡಲು ಸುಲಭವಾದ ಸೂತ್ರ: ಹಸಿಯದು ಗುಂಡಿಗೆ, ಒಣಗಿದ್ದು ಉರಿಗೆ. ಸಗಣಿ, ಅಡಿಗೆಮನೆಯ ಮುಸುರೆ, ಹಣ್ಣು ತರಕಾರಿಯ ತ್ಯಾಜ್ಯ ಗುಂಡಿಗೆ. ಕಡ್ಡಿ, ಕರಟ, ಉಮಿ ಉರಿಗೆ.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದು. ವರ್ಷಾಂತ್ಯದೊಳಗೆ ಇಷ್ಟು ಗೋಬರ್ ಗ್ಯಾಸ್ ಎಂದು ಮೇಲಿನಿಂದ ಗುರಿ ಬಂದಿತ್ತು. ಒಂದು ಹಳ್ಳಿಯಲ್ಲಿ ಮನೆ ಮನೆ ತಿರುಗಿ ಹನ್ನೊಂದು ಮನೆಗಳನ್ನು ಒಪ್ಪಿಸಿದೆ. ಸಬ್ಸಿಡಿಯ ಮಾತು, ಹೊಗೆಯಿಲ್ಲದ ಅಡಿಗೆಯ ಮಾತು ಎಲ್ಲ ಹೇಳಿದೆ. ಗುಂಡಿ ತೋಡಿ, ಗಾರೆಯವನನ್ನು ಕರೆಸಿ, ಕಟ್ಟಿಸಿ, ಫೋಟೋ ತೆಗೆಸಿ ವರದಿ ಕಳಿಸಿದೆ. ಗುರಿ ಮುಟ್ಟಿತೆಂದು ಶಹಭಾಸ್‌ಗಿರಿಯೂ ದೊರೆಯಿತು.

ಎರಡು ವರ್ಷದ ಮೇಲೆ ಬೇರೊಂದು ಕೆಲಸಕ್ಕೆ ಅದೇ ಹಳ್ಳಿಗೆ ಹೋದೆ. ಹನ್ನೊಂದರಲ್ಲಿ ಉರಿಯುತ್ತಿದ್ದದ್ದು ಮೂರು. ಒಂದು ಗುಂಡಿಯಲ್ಲಿ ಕಾಯಿಸಿಪ್ಪೆ ತುಂಬಿದ್ದರು. ಇನ್ನೊಂದರ ಗುಮ್ಮಟದ ಮೇಲೆ ಒಬ್ಬ ಅಜ್ಜಿ ಮೆಣಸಿನಕಾಯಿ ಒಣಹಾಕಿದ್ದರು. ನಾನು ಸಂಕೋಚದಿಂದ ನಿಂತದ್ದನ್ನು ನೋಡಿ ಆಕೆ ಬೈಯಲಿಲ್ಲ. "ಎರಡೇ ಹಸ ಕಣಪ್ಪ ನಮ್ಮವು. ಹಗಲೆಲ್ಲ ಕಾವಲಲ್ಲಿ ಮೇಯುತ್ತವೆ. ಸಗಣಿ ಎಲ್ಲಿಂದ ತರಾದು? ನೀನು ಅವತ್ತು ಹಸ ಎಣಿಸಲೇ ಇಲ್ಲ" ಎಂದರು.

ಆ ಮಾತು ನನಗೆ ಯಾವ ತರಬೇತಿಯಲ್ಲೂ ಸಿಗದ ಪಾಠ. ಹಣ ಸರ್ಕಾರದ್ದು ಅರ್ಧವಾದರೆ ಆಕೆಯ ಮನೆಯದು ಅರ್ಧ. ನಾನು ಎಣಿಸಿದ್ದು ಗುಂಡಿಗಳನ್ನು. ಎಣಿಸಬೇಕಾಗಿದ್ದದ್ದು ಹಸುಗಳನ್ನು, ನೀರಿನ ಕೊಡಗಳನ್ನು, ಉರಿಯುವ ಒಲೆಗಳನ್ನು. ಯಾವ ಯೋಜನೆಗೇ ಆಗಲಿ ಕಟ್ಟಿದ ಸಂಖ್ಯೆಯ ವರದಿ ಸಾಲದು, ಎರಡು ವರ್ಷದ ಮೇಲೆ ಉರಿಯುತ್ತಿರುವುದರ ವರದಿ ಬೇಕು ಎಂದು ಆ ದಿನದಿಂದ ಹೇಳುತ್ತ ಬಂದಿದ್ದೇನೆ.

ಪುರ ಎಂಬ ಹಳ್ಳಿ

ಎಣಿಸಿ ನೋಡಿ, ತಪ್ಪನ್ನು ತಿದ್ದಿಕೊಂಡವರ ಉದಾಹರಣೆಯೂ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಇಡೀ ಊರಿಗೆ ಒಂದು ಗೋಬರ್ ಅನಿಲ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಎಲ್ಲ ಮನೆಗಳಿಗೂ ಅಡಿಗೆ ಅನಿಲ ಕೊಡುವುದು. ಅದು ನಡೆಯಲಿಲ್ಲ. ಊರಿನ ದನಗಳ ಸಗಣಿ ಎಲ್ಲ ಒಲೆಗಳಿಗೆ ಸಾಲಲಿಲ್ಲ. ಅನಿಲ ಸಾಲದ ದಿನ ಜನ ಮತ್ತೆ ಕಟ್ಟಿಗೆಗೆ ತಿರುಗಿದರು.

ಅಲ್ಲಿಗೆ ಕೈಬಿಡಬಹುದಿತ್ತು. ಆದರೆ ಅವರು ಊರಿನವರನ್ನು ಕೂರಿಸಿಕೊಂಡು ನಿಮಗೆ ಮೊದಲು ಬೇಕಾದದ್ದು ಏನೆಂದು ಕೇಳಿದರು. ಕಟ್ಟಿಗೆ ಹೇಗೋ ಸಿಗುತ್ತದೆ, ಬೇಕಾದದ್ದು ಒಳ್ಳೆಯ ಕುಡಿಯುವ ನೀರು ಎಂಬ ಉತ್ತರ ಬಂತು. ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ, ಡೀಸೆಲ್ಲಿನ ಖರ್ಚನ್ನು ಇಳಿಸಿ, ಕೊಳವೆ ಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು. ರಾತ್ರಿ ಮನೆಗಳಿಗೆ ದೀಪ ಕೊಟ್ಟರು. 1987ರಿಂದ ಈ ಏರ್ಪಾಡು ನಡೆಯಿತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ ಕೂಲಿ. ತಂದ ಸಗಣಿಗೆ ತಕ್ಕಂತೆ ಬಗ್ಗಡ ವಾಪಸು. ಸಗಣಿ ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು. ದುಡ್ಡು ಅವರ ಕೈಗೇ ಬಂತು. ಸಗಣಿ ನಿಂತರೆ ನೀರೂ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿದ್ದುದರಿಂದ ಯಾರಿಗೂ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ.

ಪುರದಿಂದ ನಾವು ಕಲಿಯಬೇಕಾದದ್ದು ಮೂರು. ಕಟ್ಟುವ ಮುಂಚೆ ಎಣಿಸಬೇಕು. ಯಾವುದಕ್ಕೆ ಬಳಸಬೇಕೆಂದು ಬಳಸುವವರನ್ನೇ ಕೇಳಬೇಕು. ಹೊಲದಿಂದ ಬಂದದ್ದು ಹೊಲಕ್ಕೇ ಹಿಂದಿರುಗಬೇಕು. ಇಂದು ಕೋಟಿಗಟ್ಟಲೆ ಬಂಡವಾಳ ಹಾಕಿ ಕಟ್ಟುವ ಅನಿಲ ಕಾರ್ಖಾನೆಗಳಿಗೂ ಈ ಮೂರೇ ಪರೀಕ್ಷೆ.

ನಿಮ್ಮ ಮನೆಗೆ ಗೋಬರ್ ಗ್ಯಾಸ್ ಆದೀತೇ?

ಲೆಕ್ಕ ಸರಳ. ಒಂದು ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಅನಿಲ. ಒಬ್ಬರ ಅಡಿಗೆಗೆ ದಿನಕ್ಕೆ ಕಾಲು ಘನ ಮೀಟರಿಗೆ ಸ್ವಲ್ಪ ಹೆಚ್ಚು ಬೇಕು. ಆರೇಳು ಜನರ ಮನೆಗೆ 2 ಘನ ಮೀಟರಿನ ಘಟಕ. ಅದಕ್ಕೆ ದಿನಕ್ಕೆ 50 ಕಿಲೋ ಸಗಣಿ ಮತ್ತು ಅಷ್ಟೇ ನೀರು. ಕೊಟ್ಟಿಗೆಯಲ್ಲೇ ಕಟ್ಟುವ ನಾಲ್ಕೈದು ದನಗಳಿದ್ದರೆ ಇದು ಸಿಗುತ್ತದೆ. ಮೇಯಲು ಬಿಡುವ ದನದ ಸಗಣಿ ಅರ್ಧಕ್ಕರ್ಧ ಕಾವಲಿನಲ್ಲೇ ಉಳಿಯುವುದರಿಂದ ಅಂಥ ಎರಡನ್ನು ಒಂದೆಂದು ಹಿಡಿಯಿರಿ. ಎರಡು ಮೂರು ದನ ಇದ್ದವರು 1 ಘನ ಮೀಟರಿನದಕ್ಕೆ ತೃಪ್ತರಾಗುವುದು ಮೇಲು. ಹೊಟ್ಟೆ ತುಂಬದ ದೊಡ್ಡ ಗುಂಡಿಗಿಂತ ತುಂಬಿದ ಸಣ್ಣ ಗುಂಡಿಯೇ ಚೆನ್ನಾಗಿ ಉರಿಯುತ್ತದೆ.

ದಿನಕ್ಕೆ 2 ಘನ ಮೀಟರ್ ಪೂರ್ತಿ ಬಂದರೆ ಅದು ಮುಕ್ಕಾಲು ಕಿಲೋಗಿಂತ ಹೆಚ್ಚು ಅಡಿಗೆ ಅನಿಲಕ್ಕೆ ಸಮ, ಎಂದರೆ 14.2 ಕಿಲೋ ಸಿಲಿಂಡರೊಂದು ಹದಿನಾರು ಹದಿನೇಳು ದಿನಕ್ಕೆ. ಚಳಿಗಾಲದ ಕೊರತೆ, ಹಬ್ಬ ಹುಣ್ಣಿಮೆಯ ಅಲಕ್ಷ್ಯ ಎಲ್ಲ ಕಳೆದು ಅರ್ಧವನ್ನೇ ಹಿಡಿದರೂ ವರ್ಷಕ್ಕೆ ಹತ್ತು ಸಿಲಿಂಡರ್ ಉಳಿಯಿತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಹಳ್ಳಿ ಹಳ್ಳಿಗೆ ಸಿಲಿಂಡರ್ ಬಂದದ್ದು ಒಳ್ಳೆಯದೇ. ಆದರೆ ಅದನ್ನು ಮತ್ತೆ ಮತ್ತೆ ತುಂಬಿಸುವ ಹಣ ಪೇಟೆಗೆ ಹೋಗುತ್ತದೆ. ಸಗಣಿ ಮಾತ್ರ ನಿಮ್ಮ ಕೊಟ್ಟಿಗೆಯಲ್ಲೇ ಹುಟ್ಟುತ್ತದೆ.

ಮಾದರಿಯ ವಿಷಯ. ಕಬ್ಬಿಣದ ಡ್ರಮ್ ತೇಲುವ ಖಾದಿ ಆಯೋಗದ ಮಾದರಿ ಹಳೆಯದು. ಡ್ರಮ್ಮಿಗೆ ತುಕ್ಕು ಹಿಡಿಯದಂತೆ ಆಗಾಗ ಬಣ್ಣ ಬಳಿಯಬೇಕು. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಗುಮ್ಮಟವೂ ಇಟ್ಟಿಗೆ ಗಾರೆಯದೇ, ಖರ್ಚು ಕಡಿಮೆ. ಆದರೆ ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಅನಿಲ ಸೋರುತ್ತದೆ. ಮನೆ ಕಟ್ಟುವ ಗಾರೆಯವರೆಲ್ಲ ಇದನ್ನು ಕಟ್ಟಲಾರರು. ತರಬೇತಿ ಪಡೆದವರನ್ನೇ ಕರೆಸಿ, ಅವರು ಮುಂಚೆ ಕಟ್ಟಿದ ಎರಡು ಮೂರು ಘಟಕಗಳನ್ನು ನೀವೇ ಹೋಗಿ ನೋಡಿ. ಅಲ್ಲಿಯ ಮನೆಯಾಕೆಯನ್ನು ಕೇಳಿ, ಗಂಡಸರನ್ನಲ್ಲ. ಸಹಾಯಧನದ ನಿಯಮ ವರ್ಷ ವರ್ಷ ಬದಲಾಗುವುದರಿಂದ ಗುಂಡಿ ತೋಡುವ ಮುಂಚೆಯೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ.

ನಡೆಸುವವರು ಗಮನಿಸಬೇಕಾದ ಕೆಲವು ಅಂಶಗಳು: ಸಗಣಿಯಲ್ಲಿ ಮಣ್ಣು, ಕಲ್ಲು, ಉದ್ದ ಹುಲ್ಲು ಸೇರದಿರಲಿ. ಸೋಪು, ಫಿನಾಯಿಲ್ ಬಿದ್ದ ನೀರು ಬೇಡ, ಸೂಕ್ಷ್ಮಜೀವಿ ಸಾಯುತ್ತದೆ. ಕೊಳವೆಯಲ್ಲಿ ನಿಂತ ನೀರನ್ನು ಆಗಾಗ ಬಿಡಿ. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾದರೆ ಒಲೆಯ ಗಾಳಿಕಿಂಡಿ ಸರಿಮಾಡಿ. ಬಗ್ಗಡವನ್ನು ತಿಪ್ಪೆಯ ಕಸದ ಮೇಲೆ ಹರಿಸಿ. ಕಸವೂ ಬೇಗ ಕೊಳೆಯುತ್ತದೆ, ಸಾರಜನಕವೂ ಹಾಳಾಗುವುದಿಲ್ಲ.

ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಎಂಥ ಕಾರಣಕ್ಕೂ ಗುಂಡಿಯ ಒಳಗೆ ಇಳಿಯಬೇಡಿ, ಇಳಿಸಬೇಡಿ. ಖಾಲಿಯೆಂದು ಕಂಡ ಗುಂಡಿಯಲ್ಲೂ ಉಸಿರಾಡುವ ಗಾಳಿ ಇರುವುದಿಲ್ಲ, ವಿಷಾನಿಲ ಇರುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ.

ಒಣ ಉಳಿಕೆಯ ದಾರಿ

ಈಗ ಕಡ್ಡಿ, ಕರಟ, ಉಮಿಯ ಮಾತು. ಇವುಗಳನ್ನು ಮಾರುವುದರಲ್ಲಿ ನನ್ನ ತಕರಾರಿಲ್ಲ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಉಮಿ. ಅದನ್ನು ದನ ತಿನ್ನದು, ಮಣ್ಣಿನಲ್ಲಿ ಬೇಗ ಕೊಳೆಯದು. ಗಿರಣಿಯ ಬಾಯ್ಲರಿಗೆ ಅದೇ ಸರಿಯಾದ ಉರುವಲು. ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ, ಅಡಿಕೆ ಸಿಪ್ಪೆ, ಬಳ್ಳಾರಿ ಜಾಲಿ ಇವೂ ಹಾಗೆಯೇ. ಹತ್ತಿ ಕಟ್ಟಿಗೆಯನ್ನಂತೂ ಹೊಲದಿಂದ ಆಚೆ ಹಾಕಲೇಬೇಕು. ಇಲ್ಲವಾದರೆ ಒಣಗಿದ ಕಾಯಿಗಳಲ್ಲಿ ಉಳಿದ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ಕಾದು ಕುಳಿತಿರುತ್ತದೆ. ಅದನ್ನು ಬೇಗ ಕಿತ್ತು ಕೊಟ್ಟರೆ ಕೀಟವೂ ಹೋಯಿತು, ನಾಲ್ಕು ಕಾಸೂ ಬಂತು.

ಕಟ್ಟಿಗೆಯಿಂದ ಊರಿಗೆ ವಿದ್ಯುತ್ತನ್ನು ಮಾಡುವ ಪ್ರಯೋಗವೂ ತುಮಕೂರು ಜಿಲ್ಲೆಯಲ್ಲೇ ನಡೆದಿದೆ. ಕಟ್ಟಿಗೆಯ ಚೂರುಗಳನ್ನು ಸಾಕಷ್ಟು ಗಾಳಿ ಕೊಡದೆ ಅರೆಬರೆ ಉರಿಸಿದರೆ ಉರಿಯುವ ಅನಿಲವೊಂದು ಹೊರಡುತ್ತದೆ. ಅದನ್ನು ತಣಿಸಿ, ಸೋಸಿ ಎಂಜಿನ್ನಿಗೆ ಕೊಡುವ ಯಂತ್ರವೇ ಗ್ಯಾಸಿಫೈಯರ್. ಅಂಥ ಸಣ್ಣದೊಂದನ್ನು 1988ರಲ್ಲಿ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಿಲ್ಲಿಸಿದರು. ಊರ ಪಕ್ಕದ ಸುಮಾರು 2 ಹೆಕ್ಟೇರಿನಲ್ಲಿ ಬೆಳೆಸಿದ ಮರದ ರೆಂಬೆಗಳೇ ಅದಕ್ಕೆ ಮೇವು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಿಂದ ನಡೆದವು. 2001ರಲ್ಲಿ ಆರಂಭವಾದ ದೊಡ್ಡ ಯೋಜನೆಯೊಂದರಲ್ಲಿ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್ ಸ್ಥಾವರ ಕಟ್ಟಿ ವಿದ್ಯುತ್ತನ್ನು ತಂತಿಗೆ ಕೊಟ್ಟರು. ಯಂತ್ರ ಕೆಲಸ ಮಾಡುತ್ತದೆಂದು ಅಲ್ಲಿ ತೋರಿಸಿಯಾಯಿತು. ಕಷ್ಟವಿರುವುದು ಯಂತ್ರದಲ್ಲಲ್ಲ, ಒಂದು ಯೂನಿಟ್ ವಿದ್ಯುತ್ತಿಗೆ ಬೇಕಾದ ಒಂದೂಕಾಲು ಒಂದೂವರೆ ಕಿಲೋ ಒಣ ಕಟ್ಟಿಗೆಯನ್ನು ದಿನ ತಪ್ಪದೆ ಕಡಿದು, ಒಣಗಿಸಿ, ಹೊತ್ತು ತರುವುದರಲ್ಲಿ. ಕೂಲಿ ಏರಿದಂತೆಲ್ಲ ವಿದ್ಯುತ್ತಿನ ಬೆಲೆಯೂ ಏರುತ್ತದೆ. ದೂರದಿಂದ ಕಸ ತರಿಸಿದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಉಳಿಕೆ ಎಲ್ಲಿ ಹುಟ್ಟುತ್ತದೋ ಅಲ್ಲೇ, ಗಿರಣಿಯಲ್ಲೋ ಬೆಲ್ಲದ ಆಲೆಮನೆಯಲ್ಲೋ ರೇಷ್ಮೆ ನೂಲು ತೆಗೆಯುವ ಕಡೆಯೋ, ಬಳಕೆಯಾಗುವುದು ಜಾಣತನ.

ಮನೆಯ ಒಲೆಯ ಪಾಲನ್ನೂ ಮರೆಯಬಾರದು. ಮೂರು ಕಲ್ಲಿನ ಒಲೆಯಲ್ಲಿ ಉರುವಲಿನ ಕಾವು ಪಾತ್ರೆಗೆ ತಲುಪುವುದು ಶೇಕಡ 10ರ ಆಸುಪಾಸು. ಮಿಕ್ಕದ್ದು ಗೋಡೆಗೆ, ಗಾಳಿಗೆ, ಹೆಂಗಸರ ಕಣ್ಣಿಗೆ. 1980ರ ದಶಕದಲ್ಲಿ ಬಂದ ಅಸ್ತ್ರ ಒಲೆ ಅದೇ ಕಟ್ಟಿಗೆಯಿಂದ ಹೆಚ್ಚುಕಡಿಮೆ ಮೂರು ಪಟ್ಟು ಕೆಲಸ ತೆಗೆಯಿತು. ಸ್ನಾನದ ನೀರಿಗೆ ಇಂದಿಗೂ ಹಂಡೆಯ ಒಲೆಯೇ ನಮ್ಮ ಬಹುಪಾಲು ಮನೆಗಳಲ್ಲಿದೆ. ಅಲ್ಲಿ ಉಳಿಸಿದ ಪ್ರತಿ ಹೊರೆ ಕಟ್ಟಿಗೆಯೂ ಹೊಸದಾಗಿ ಹುಟ್ಟಿಸಿದ ಶಕ್ತಿಯೇ.

ಮಾರುವವರಿಗೆ ಎರಡು ಮಾತು

ಮಾರುವುದೆಂದು ನಿಶ್ಚಯಿಸಿದವರು ಬಾಯಿಮಾತಿಗೆ ಒಪ್ಪಬೇಡಿ. ತೂಕ ಯಾವ ತೂಕದ ಕಟ್ಟೆಯಲ್ಲಿ, ತೇವಕ್ಕೆ ಎಷ್ಟು ಕಡಿತ, ಕಟ್ಟು ಕಟ್ಟುವ ಮತ್ತು ಸಾಗಿಸುವ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಎಂಬ ನಾಲ್ಕು ಅಂಶ ಕಾಗದದ ಮೇಲೆ ಇರಲಿ. ಒಬ್ಬೊಬ್ಬರೇ ಮಾತಾಡುವ ಬದಲು ರೈತ ಉತ್ಪಾದಕರ ಸಂಘ ಅಥವಾ ಸಹಕಾರ ಸಂಘದ ಮೂಲಕ ಮಾತಾಡಿ. ಗದ್ದೆಯ ಹುಲ್ಲನ್ನು ಪೂರ್ತಿ ಬಳಿದು ಕೊಡಬೇಡಿ. ಬುಡದ ಕೂಳೆ ಮಣ್ಣಿಗಿರಲಿ. ಹುಲ್ಲು ಕೊಟ್ಟ ಗದ್ದೆಗೆ ಮುಂದಿನ ಸಲ ಪೊಟ್ಯಾಷನ್ನು ಕಡಿಮೆ ಮಾಡಬೇಡಿ.

ಕಬ್ಬು ಬೆಳೆಗಾರರಿಗೆ ಪ್ರತ್ಯೇಕವಾಗಿ ಹೇಳಬೇಕು. ನೀವು ಕಾರ್ಖಾನೆಗೆ ಹಾಕುವ ಒಂದು ಟನ್ ಕಬ್ಬಿನಲ್ಲಿ ಹತ್ತಿರ ಹತ್ತಿರ 300 ಕಿಲೋ ಸಿಪ್ಪೆ ಹೊರಡುತ್ತದೆ. ಅದರಿಂದ ಕಾರ್ಖಾನೆ ತನಗೆ ಬೇಕಾದ ಉಗಿಯನ್ನೂ ವಿದ್ಯುತ್ತನ್ನೂ ಮಾಡಿಕೊಂಡು, ಮಿಕ್ಕ ವಿದ್ಯುತ್ತನ್ನು ಮಾರುತ್ತದೆ. ಮಡ್ಡಿ ಅನಿಲವಾಗುತ್ತದೆ, ಕಾಕಂಬಿ ಎಥನಾಲ್ ಆಗುತ್ತದೆ. ಸಕ್ಕರೆ ಮತ್ತು ಈ ಉಪಉತ್ಪನ್ನಗಳ ಆದಾಯದಲ್ಲಿ ಶೇಕಡ 70 ಬೆಳೆಗಾರನಿಗೆ ಸಲ್ಲಬೇಕೆಂದು 2012ರಲ್ಲಿ ರಂಗರಾಜನ್ ಸಮಿತಿ ಶಿಫಾರಸು ಮಾಡಿತು. ಕಸಕ್ಕೆ ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಿಂದೆ ಮಡ್ಡಿ ಗಾಡಿಗಟ್ಟಲೆ ಗದ್ದೆಗೆ ಗೊಬ್ಬರವಾಗಿ ಬರುತ್ತಿತ್ತು. ಈಗ ಅದು ಅನಿಲಕ್ಕೆ ಹೋಗುವುದಾದರೆ, ಅನಿಲ ತೆಗೆದ ಮೇಲಿನ ಗೊಬ್ಬರವಾದರೂ ಬೆಳೆಗಾರನಿಗೆ ಹಿಂದಿರುಗಬೇಕೆಂದು ಕೇಳುವುದು ನ್ಯಾಯ. ನಿಮ್ಮ ಸಂಘದ ಸಭೆಯಲ್ಲಿ ಕೇಳಿ.

ಗದ್ದೆಯಲ್ಲಿ ಉಳಿದ ತರಗನ್ನು ಮಾತ್ರ ಸುಡಬೇಡಿ, ಮಾರಲೂ ಬೇಡಿ. ಸಾಲು ಬಿಟ್ಟು ಸಾಲಿಗೆ ಹಾಸಿ, ಮೇಲೆ ಸಗಣಿ ಬಗ್ಗಡ ಮತ್ತು ಒಂದಿಷ್ಟು ಯೂರಿಯಾ ಚೆಲ್ಲಿ. ಕಳೆ ಅಡಗುತ್ತದೆ, ತೇವ ನಿಲ್ಲುತ್ತದೆ, ಮುಂದಿನ ಕೂಳೆ ಬೆಳೆಯ ಹೊತ್ತಿಗೆ ಅದೇ ಮಣ್ಣಾಗುತ್ತದೆ. ತರಗು ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುವಲ್ಲಿ ಕೆಲಸ ಇನ್ನೂ ಹಗುರ.

ಸರ್ಕಾರವನ್ನು ನಡೆಸುವವರಿಗೂ ಈ ಅಂಕಣದ ಮೂಲಕ ಒಂದು ವಿಜ್ಞಾಪನೆ. ಒಂದು ತಾಲ್ಲೂಕಿನಲ್ಲಿ ಉಂಡೆ ಕಾರ್ಖಾನೆಗೋ ಅನಿಲ ಕಾರ್ಖಾನೆಗೋ ಒಪ್ಪಿಗೆ ಕೊಡುವ ಮುಂಚೆ ಆ ತಾಲ್ಲೂಕಿನ ದನಕ್ಕೆ ಎಷ್ಟು ಮೇವು ಬೇಕು, ಮಣ್ಣಿಗೆ ಎಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿ, ಮಿಕ್ಕದ್ದಕ್ಕೆ ಮಾತ್ರ ಒಪ್ಪಿಗೆ ಕೊಡಲಿ. ಕಾರ್ಖಾನೆ ನಿಂತ ಮೇಲೆ ಹುಲ್ಲಿಗೆ ಹೊಸ ಗಿರಾಕಿ ಬಂದರೆ ಮೊದಲು ಸೋಲುವವನು ಎರಡು ಎಮ್ಮೆ ಕಟ್ಟಿದ, ಹೊಲವಿಲ್ಲದ ಬಡವ. ಅವನು ಮೇವನ್ನು ಕೊಂಡೇ ಹಾಕಬೇಕು. ಬೆಲೆ ಏರಿದರೆ ಎಮ್ಮೆ ಮಾರುತ್ತಾನೆ. ಶಕ್ತಿ ಹುಟ್ಟಿಸುವ ಕೆಲಸ ಅವನ ಹಾಲಿನ ಚೊಂಬಿನಿಂದ ಶುರುವಾಗಬಾರದು.

ಈ ವಾರದ ಕೆಲಸ

ಕೊನೆಯದಾಗಿ, ಓದುಗರು ಈ ವಾರ ಮಾಡಬೇಕಾದ ಒಂದು ಸಣ್ಣ ಕೆಲಸ. ಮನೆಯಲ್ಲಿ ಬುಟ್ಟಿ ಇದೆ. ಪಕ್ಕದ ಅಂಗಡಿಯಲ್ಲಿ ತಕ್ಕಡಿ ಇದೆ. ಏಳು ದಿನ ಬೆಳಗ್ಗೆ ಕೊಟ್ಟಿಗೆಯ ಸಗಣಿಯನ್ನು ತೂಗಿ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆಯಿರಿ. ಏಳನೆಯ ದಿನ ಕೂಡಿ ಏಳರಿಂದ ಭಾಗಿಸಿ. 25 ಬಂದರೆ ಸಣ್ಣ ಘಟಕ, 50 ಬಂದರೆ ದೊಡ್ಡದು. ಅದಕ್ಕೂ ಕಡಿಮೆ ಬಂದರೆ ಯಾರು ಬಂದು ಏನು ಹೇಳಿದರೂ, ನನ್ನಂಥ ಅಧಿಕಾರಿಯೇ ಬಂದು ಹೇಳಿದರೂ, ಒಬ್ಬರೇ ಗುಂಡಿ ತೋಡಬೇಡಿ. ಅಕ್ಕಪಕ್ಕದ ಎರಡು ಮನೆ ಸೇರಿದರೆ ಆದೀತೇ ಎಂದು ವಿಚಾರಿಸಿ, ಇಲ್ಲವೆಂದರೆ ಒಳ್ಳೆಯ ತಿಪ್ಪೆ ಗುಂಡಿ ಸಾಕು.

ಹಾಗೆಯೇ ಈ ಸುಗ್ಗಿಯಲ್ಲಿ ನಿಮ್ಮ ಹೊಲದಿಂದ ಆಚೆ ಹೋದ ಹುಲ್ಲು, ಕಡ್ಡಿ, ತರಗು ಎಷ್ಟು ಗಾಡಿ, ಅದರಲ್ಲಿ ಹಿಂದಿರುಗಿ ಬಂದ ಗೊಬ್ಬರ ಎಷ್ಟು ಗಾಡಿ ಎಂಬುದನ್ನೂ ಅದರ ಕೆಳಗೆ ಬರೆದಿಡಿ. ಮುಂದಿನ ಸಲ ಲಾರಿ ಬಂದು ನಿಂತಾಗ ದಲ್ಲಾಳಿಗೆ ಉತ್ತರ ಕೊಡುವ ಮುಂಚೆ ಆ ಗೋಡೆಯನ್ನೊಮ್ಮೆ ನೋಡಿಕೊಳ್ಳಿ.